ಚೀನಾ ಹುಲ್ಲಿಗಿಂತ ಸರಸ

ಕಂತು ಆರು

ಕಡ್ಡಿ ಗೀರಿ, ಮೊದಲು ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ, ವಡಿ ಗಟ್ಟಿಯಾಗಲು ಹಾಕುವ ಚೀನಾ ಹುಲ್ಲಿನ ಎಳೆಗೆ ಬೆಂಕಿ ತಾಗಿಸಿದೆ. ಅದು ಸುಮ್ಮನೆ ಉರಿದು ಬೂದಿಯಾಯಿತು. ಒಣ ಕಾಗದ ಸುಟ್ಟಷ್ಟೇ ವಾಸನೆ.

ಆಮೇಲೆ ಹೊಸ ಪೆಟ್ಟಿಗೆಯಿಂದ ತೆಗೆದ ಹಾಳೆ. ತೆಳ್ಳಗೆ, ತಿಳಿ ಹಳದಿಯಾಗಿ, ಆಚೆ ಹಿಡಿದ ಬೆರಳು ಈಚೆಗೆ ಕಾಣುವಷ್ಟು ನಿರ್ಮಲವಾಗಿತ್ತು. ಮೂಲೆಗೆ ಬೆಂಕಿ ತಾಗಿದ್ದೇ ತಡ, ಹಾಳೆ ಸುರುಳಿ ಸುತ್ತಿತು, ಗುಳ್ಳೆ ಎದ್ದಿತು, ಚಟಪಟ ಎಂದಿತು. ಸುಟ್ಟ ಕೂದಲಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿತು.

ಆ ವಾಸನೆಯಲ್ಲಿ ಬೆಳೆದವನು ನಾನು.

"ಏನ್ರಿ ಅದು, ಸಾಹೇಬ್ರ?" ಮುರುಗೆಪ್ಪ ಮೂಗಿಗೆ ಧೋತರದ ಚುಂಗು ಹಿಡಿದು ಕೇಳಿದ.

"ಚರ್ಮ ಐತ್ರಿ. ಇಲ್ಲಾಂದ್ರ ಎಲಬು. ಕುದಿಸಿ, ಸೋಸಿ, ಒಣಗಿಸಿದ್ದು."

ಮಾತು ಆಡಿದವನು ನಾನೇ, ಅದನ್ನು ಕೇಳಿ ಬೆಚ್ಚಿದವನೂ ನಾನೇ. ಹೋದ ವಾರ ಸಾಲೆಯ ಹುಡುಗಿಯೊಬ್ಬಳ ಡಬ್ಬಿಯಲ್ಲಿ ಮುರುಗೆಪ್ಪನ ಮಿಠಾಯಿ ಅಂಗಡಿಯ ಗದಗದ ನಡುಗುವ ಸಿಹಿ ವಡಿ ಮಧ್ಯಾಹ್ನದ ಬಿಸಿಲಿಗೆ ಕರಗಿ ನೀರಾಯಿತೆಂಬ ದೂರಿನ ಬೆನ್ನು ಹತ್ತಿ, ಆಹಾರ ನಿರೀಕ್ಷಕನಾದ ನಾನು, ಹುಲಗಪ್ಪ, ಉಣಕಲ್ಲಿನ ಅವನ ಮನೆಯವರೆಗೆ ಬಂದಿದ್ದೆ. ಚೀನಾ ಹುಲ್ಲಿನ ವಡಿ ಬಿಸಿಲಿಗೆ ಕರಗುವುದಿಲ್ಲ. ಸಕ್ಕರೆ ಕಡಿಮೆಯಾಗಿರಬೇಕು, ನೀರು ಹೆಚ್ಚಾಗಿರಬೇಕು ಎಂದು ನಾನು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಹುಬ್ಬಳ್ಳಿಯ ಲಿಂಗವಂತರ ಮನೆಮನೆಯಲ್ಲಿ ಮಕ್ಕಳು ತಿನ್ನುವ ವಡಿಯಲ್ಲಿ ದನದ ಚರ್ಮ ಇದ್ದೀತೆಂದು ಯಾವ ಪುಣ್ಯಾತ್ಮನಿಗೆ ಅನ್ನಿಸೀತು?

ಅಡುಗೆಮನೆಯ ಬಾಗಿಲಲ್ಲಿ ಮುರುಗೆಪ್ಪನ ಹೆಂಡತಿ ಶಿವಬಸವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದವಳು ಅವನ ತಾಯಿ ಚನ್ನಬಸವ್ವ. ಎಪ್ಪತ್ತು ದಾಟಿದ ಜೀವ. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ, ಕಣ್ಣುಗಳೆರಡರ ಮೇಲೂ ಬಿಳಿ ಪೊರೆ.

ವಡಿಯ ಬಗ್ಗೆ ಊರಲ್ಲಿ ಗುಸುಗುಸು ಎದ್ದ ದಿನದಿಂದ ಆಕೆ ಅನ್ನ ಮುಟ್ಟಿರಲಿಲ್ಲ. ಇಂದಿಗೆ ಮೂರು ದಿನ. ನೀರಿನ ಮೇಲೆ ಜೀವ ಹಿಡಿದಿದ್ದಳು. ನಿನ್ನೆ ಬಂದ ಡಾಕ್ಟರು, ಇನ್ನೆರಡು ದಿನ ಹೀಗೇ ಹೋದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಹೋಗಿದ್ದರು.

"ಹಂಗಾರ ಮಂದಿ ಅಂದದ್ದು ಖರೇ ಆತು," ಅಂದಳು ಮುದುಕಿ. ದನಿ ಸಣ್ಣದಾಗಿದ್ದರೂ ಒಡೆದಿರಲಿಲ್ಲ. "ಇನ್ನ ನನ್ನದು ಒಂದಽ ಮಾತು ಐತಿ ತಮ್ಮಾ. ಗೊತ್ತಿದ್ದು ಹಾಕಿದ್ರೋ, ಗೊತ್ತಿಲ್ದ ಹಾಕಿದ್ರೋ?"

"ಅದನ್ನಽ ಹುಡುಕಾಕತ್ತೇನ್ರಿ ಅವ್ವಾರ."

"ಹುಡುಕು. ಗೊತ್ತಿಲ್ದ ಆಗಿದ್ರ ಸ್ವಾಮಿಗಳನ್ನ ಕರಸಿ ಶುದ್ಧಿ ಮಾಡಿಸಿಕೊಂಡು ಉಣ್ತೇನಿ. ಗೊತ್ತಿದ್ದು ಹಾಕಿದ್ರ ಈ ಮನಿ ಅನ್ನ ನನಗ ಬ್ಯಾಡ."

ಮುರುಗೆಪ್ಪನಿಗೆ ತಾಯಿಯ ಮೇಲೆ ಸಿಟ್ಟು ಮಾಡುವ ಧೈರ್ಯವಿರಲಿಲ್ಲ. ಆ ಸಿಟ್ಟು ನನ್ನ ಕಡೆ ತಿರುಗಿತು. "ಸುಟ್ಟ ಕೂಡ್ಲೆ ಗುರ್ತು ಹಿಡದ್ರಿ ಬಿಡ್ರಿ ಸಾಹೇಬ್ರ. ಮನಿತನದ ಕಸಬು ಎಲ್ಲಿ ಹೋಗತೈತಿ!"

ನಮ್ಮೂರು ಸುಳ್ಳದಲ್ಲಿ ನಮ್ಮಪ್ಪ ಉಡಚಪ್ಪ ಚರ್ಮದ ಚೂರು ಕುದಿಸಿ ಬಡಗಿಗಳಿಗೆ ಸರೇಸು ಮಾಡಿಕೊಡುತ್ತಿದ್ದದ್ದು ಸುಳ್ಳಲ್ಲ. ಮರಕ್ಕೆ ಮರ ಅಂಟಿಸುವ ಆ ಅಂಟಿನ ವಾಸನೆ ಅವನ ಅಂಗಿಯಿಂದ, ನನ್ನ ಸಾಲೆಯ ಪುಸ್ತಕದಿಂದ ಎಂದೂ ಹೋಗಲಿಲ್ಲ. ಈಗ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ನನ್ನ ಜೇಬಿನಲ್ಲಿ ಸರ್ಕಾರದ ಮೊಹರಿದೆ. ಆದರೂ ಒಂದು ಮಾತಿಗೆ ನಾನು ಆರನೇ ಇಯತ್ತೆಯ ಹಿಂದಿನ ಸಾಲಿನ ಹುಡುಗನಾಗಿಬಿಟ್ಟೆ.

"ಮುರುಗ್ಯಾ, ಬಾಯಿ ಮುಚ್ಚು!" ಚನ್ನಬಸವ್ವ ಚಾಪೆಯ ಮೇಲೆ ಅಂಗೈ ಬಡಿದಳು. "ಆ ಕಸಬು ಗೊತ್ತಿದ್ದಾಂವ ಮನಿಗೆ ಬಂದದ್ದಕ್ಕಽ ನಿನ್ನ ಕಸಬಿನ ಬಣ್ಣ ತಿಳೀತು. ತಮ್ಮಾ, ನೀ ಅಲ್ಲೆ ದೂರ ಕುಂದರಬ್ಯಾಡ. ಇಲ್ಲೆ, ನನ್ನ ಬಾಜೂಕ ಬಾ."

ಹೋಗಿ ಕೂತೆ.

ಆಮೇಲೆ ಪೆಟ್ಟಿಗೆಯ ಮುಚ್ಚಳ ತಿರುವಿ ನೋಡಿದೆ. ಕಂಪನಿಯ ಹೆಸರಿಲ್ಲ, ಚೀಟಿಯಿಲ್ಲ. ಬಾಲಬೋಧದಲ್ಲಿ, ಅಂದರೆ ಮರಾಠಿಯ ದೇವನಾಗರಿ ಅಕ್ಷರದಲ್ಲಿ, ಯಾರೋ ಶಾಯಿಯಿಂದ ಮೂರೇ ಅಕ್ಷರ ಬರೆದಿದ್ದರು. ಸ, ರ, ಸ.

"ಇದೇನ್ರಿ ತಂಗೀ?"

"ಸರಸ ಅಂತ ಐತ್ರಿ," ಅಂದಳು ಶಿವಬಸವ್ವ. ಆಕೆ ಸೊಲ್ಲಾಪುರದ ಮಗಳು, ಏಳನೇ ಇಯತ್ತೆಯವರೆಗೆ ಮರಾಠಿ ಸಾಲೆಯಲ್ಲಿ ಕಲಿತವಳು. "ಸರಸ ಅಂದ್ರ ಮರಾಠಿಯೊಳಗ ಛಲೋ ಮಾಲು ಅಂತ. ಹುಬ್ಬಳ್ಳಿ ಸ್ಟೇಶನ್ ರೋಡಿನ ಅಂಗಡಿ ತ್ರ್ಯಂಬಕರಾಯರು ಪತ್ರದಾಗ ಹಂಗಽ ಬರದಿದ್ರು. 'ಚಾಯನಾ ಗವತಾಪೇಕ್ಷಾ ಸರಸ'. ಚೀನಾ ಹುಲ್ಲಿಗಿಂತ ಛಲೋ ಅಂತ. ಇವರು ತರಸು ಅಂದ್ರು, ನಾ 'ಸರಸ ಮಾಲ ಪಾಠವಾ' ಅಂತ ಕಾರ್ಡು ಬರದೆ. ಛಲೋ ಮಾಲು ಕಳಸ್ರಿ ಅಂತ."

ಚೀನಾ ಹುಲ್ಲಿಗೆ ಬದಲಿ ಹುಡುಕುವ ಗತಿ ಯಾಕೆ ಬಂತೆಂಬುದು ಇಡೀ ಹುಬ್ಬಳ್ಳಿಗೆ ಗೊತ್ತು. ಹೋದ ವರ್ಷ, ಅರವತ್ತೆರಡರ ಅಕ್ಟೋಬರಿನಲ್ಲಿ, ಚೀನಾದವರು ಗಡಿ ದಾಟಿದರೆಂಬ ಸುದ್ದಿ ಬಂದ ವಾರ, ಮುರುಗೆಪ್ಪ ಮೂರು ಡಬ್ಬಿ ಚೀನಾ ಹುಲ್ಲನ್ನು ಮೆರವಣಿಗೆಯಲ್ಲಿ ತಂದು ಉಣಕಲ್ ಕೆರೆಗೆ ಚೆಲ್ಲಿದ್ದ. ಶತ್ರುವಿನ ಹುಲ್ಲು ನನ್ನ ಕಡಾಯಿಗೆ ಬೀಳದು ಎಂದು ಭಾಷಣ ಮಾಡಿದ್ದ. ಮಂದಿ ಹಾರ ಹಾಕಿದ್ದರು. ನಾನೂ ಕೆರೆಯ ದಂಡೆಯಲ್ಲಿ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ್ದೆ.

ಮರುದಿನದಿಂದ ಶುರುವಾಯಿತು ಪಜೀತಿ. ಸಾಬೂದಾಣಿ ಕುದಿಸಿ ಹಾಕಿದ, ವಡಿ ಹಲ್ಲಿಗೆ ಮೆತ್ತಿಕೊಂಡಿತು. ಅಂಟಿನುಂಡಿಗೆ ಹಾಕುವ ಅಂಟು ನೆನೆಸಿ ಹಾಕಿದ, ವಡಿ ಕಲ್ಲಾಗಿ ಕೂತಿತು. ಅಕ್ಕಿಹಿಟ್ಟು ಹಾಕಿದ, ಮಕ್ಕಳು ಇದೇನು ಕಾಕಾ ಅಂಬಲಿ ವಡಿಯೇ ಎಂದು ನಕ್ಕರು. ಗದಗದ ಎಂದು ನಡುಗದ ವಡಿಯನ್ನು ಯಾರು ಕೊಳ್ಳುತ್ತಾರೆ? ಎರಡು ತಿಂಗಳು ಅಂಗಡಿ ನೊಣ ಹೊಡೆಯಿತು. ಆಮೇಲೆ ಈ ಪೆಟ್ಟಿಗೆ ಬಂತು, ವಡಿ ಮೊದಲಿಗಿಂತ ಚೆಂದ ನಡುಗಿತು.

"ತಂಗೀ," ಅಂದೆ. "ಸೊಲ್ಲಾಪುರದಾಗ ಬಡಗ್ಯಾರು ಕಟಗಿಗೆ ಕಟಗಿ ಹಚ್ಚಾಕ ಒಂದು ಅಂಟು ಕಾಸತಾರಲ್ಲ. ಅದಕ್ಕ ಮರಾಠಿಯೊಳಗ ಏನಂತಾರ?"

"ಅದಕ್ಕರಿ? ಅದಕ್ಕ..."

ಮಾತು ಅಲ್ಲೇ ನಿಂತಿತು. ಆಕೆಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಚೌಕಟ್ಟು ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದಳು.

"ಸರಸ," ಅಂದಳು.

ನಾವು ಸರೇಸು ಎನ್ನುವುದನ್ನೇ ಅವರು ಸರಸ ಎನ್ನುತ್ತಾರೆ! ಛಲೋ ಮಾಲಿಗೂ ಅದೇ ಹೆಸರು, ಚರ್ಮದ ಅಂಟಿಗೂ ಅದೇ ಹೆಸರು. ಒಳ್ಳೆಯದು ಕಳಿಸಿ ಎಂದು ಬರೆದ ಕಾರ್ಡನ್ನು ಅಂಟು ಕಳಿಸಿ ಎಂದು ಓದಿಕೊಂಡ ಅಂಗಡಿಯವನು ಅಂಟನ್ನೇ ಕಳಿಸಿದ್ದ. ಆ ಅರಿವಿನ ಹಿಂದೆಯೇ ಒಂದು ನೆಮ್ಮದಿಯೂ ಬಂತೆಂದು ಹೇಳಲು ನನಗೆ ನಾಚಿಕೆಯಿಲ್ಲ. ಇದು ಶಬ್ದದ ತಪ್ಪು, ಮನುಷ್ಯರ ತಪ್ಪಲ್ಲ. ಮುದುಕಿ ಊಟ ಮಾಡಬಹುದು.

"ಯವ್ವಾ, ಕೇಳಿದೇನು!" ಮುರುಗೆಪ್ಪ ತಾಯಿಯ ಕಾಲ ಬಳಿ ಕುಸಿದ. "ಗೊತ್ತಿಲ್ದ ಆಗೈತಿ. ಶಬ್ದ ಒಂದಽ ಆಗಿ ಮೋಸ ಆಗೈತಿ. ಇನ್ನರ ಉಣ್ಣು."

"ಹುಲಗಪ್ಪ ತ್ರ್ಯಂಬಕನ್ನ ಕೇಳಿ ಬರಲಿ," ಅಂದಳು ಚನ್ನಬಸವ್ವ. "ಅಂವ ಬಂದು ಗೊತ್ತಿಲ್ದ ಅಂದ್ರ ಸಂಜೀಕ ಉಣ್ತೇನಿ. ನುಚ್ಚು ಮಾಡಿ ಇಡ್ರಿ."

ಪಂಚನಾಮೆಗೆ ಮೂವರ ಸಹಿ ಬೇಕಿತ್ತು. ಮುದುಕಿಯ ಹೆಬ್ಬೆಟ್ಟಿಗೆ ಮಸಿ ತೆಗೆಯಲು ಹೋದೆ.

"ನನಗ ಸಹಿ ಬರತೈತಿ," ಅಂದಳು. "ಕಾಗದ ಎಲ್ಲಿಂದ ಸುರೂ ಆಗತೈತಿ, ಅಲ್ಲಿ ನನ್ನ ಬಟ್ಟು ಇಡು, ಸಾಕು."

ಅಂಚಿಗೆ ಆಕೆಯ ಬೆರಳು ಹಚ್ಚಿಕೊಟ್ಟೆ. ಆಕೆ ಮೊದಲು ಕಾಗದದ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಒಂದು ಗೆರೆ ಎಳೆದಳು. ಆಮೇಲೆ ಆ ಗೆರೆಗೆ ಜೋತುಬಿಟ್ಟಂತೆ, ಲೇಖಣಿ ಎತ್ತದೆ, ಸರಸರ ಏನೋ ಗೀಚಿದಳು. ಕನ್ನಡವೂ ಅಲ್ಲ, ಬಾಲಬೋಧವೂ ಅಲ್ಲ. ಮುಪ್ಪಿನ ಕೈ, ಅಕ್ಷರ ಕೆಟ್ಟಿದೆ ಅಂದುಕೊಂಡೆ.

"ಗೆರಿ ಯಾಕ್ರಿ ಅವ್ವಾರ?"

"ಗೆರಿ ಇಲ್ದ ಅಕ್ಷರ ನಿಂದರೂದಿಲ್ಲೋ ತಮ್ಮಾ."

ಸೈಕಲ್ ಏರಿ ಹುಬ್ಬಳ್ಳಿಯ ಹಾದಿ ಹಿಡಿದೆ. ಆ ಸಹಿಯನ್ನು ಎರಡನೇ ಸಲ ನೋಡುವ ಬುದ್ಧಿ ನನಗೆ ಬರಲಿಲ್ಲ.

ತ್ರ್ಯಂಬಕರಾಯರ ಅಂಗಡಿಯಲ್ಲಿ ಕರ್ಪೂರ, ರಾಳ, ಅರಗು, ಗೋಣಿದಾರ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ನಡು ಮಧ್ಯಾಹ್ನ. ಅರವತ್ತರ ರಾಯರು ಕರಿ ಟೋಪಿ, ಕೋಟು ಹಾಕಿಕೊಂಡು ಗಾದಿಯ ಮೇಲೆ ಕೂತು ಬೀಸಣಿಗೆ ಆಡಿಸುತ್ತಿದ್ದರು. ನಾನು ಹಾಳೆಯನ್ನು ಅವರ ಮುಂದೆ ಇಟ್ಟೆ.

"ಇದು ನಿಮ್ಮ ಮಾಲು ಹೌದಲ್ರೀ?"

"ಹೌದು. ಸರಸ ಕೇಳಿದ್ರು, ಸರಸ ಕೊಟ್ಟೆ. ಅದೂ ಬಡಗಿ ಸರಸ ಅಲ್ಲ. ಸೋಸಿದ್ದು, ಶುದ್ಧ ಮಾಡಿದ್ದು. ವಿಲಾಯತಿ ಮಿಠಾಯಿಯೊಳಗ ಇದನ್ನಽ ಹಾಕ್ತಾರ."

"ನೀವು ಬರದ ಪತ್ರದಾಗ ಚೀನಾ ಹುಲ್ಲಿಗಿಂತ ಸರಸ ಅಂದಿದ್ದು ಯಾವುದಕ್ಕ?"

"ರಾಮೇಶ್ವರದ ಕಡೆ ಸಮುದ್ರದ ಪಾಚಿಗೆ." ರಾಯರು ಬೀಸಣಿಗೆ ನಿಲ್ಲಿಸಿದರು. "ಸಾಹೇಬ್ರ, ಈ ಊರ ಮಂದಿಗೆ ಏನ ಹೇಳ್ಬೇಕು? ಚೀನಾ ಹುಲ್ಲು ಚೀನಾದ್ದಲ್ಲ, ಜಪಾನದಿಂದ ಬರ್ತದ. ಹುಲ್ಲೂ ಅಲ್ಲ, ಸಮುದ್ರದ ಪಾಚಿ. ಅಂಥಾದ್ದಽ ಪಾಚಿ ನಮ್ಮ ರಾಮೇಶ್ವರದ ದಂಡ್ಯಾಗ ಬೆಳೀತದ. ಕಾಯಿಪಲ್ಯ ತಿನ್ನಾವ್ರು ಯಾರೂ ತಿನ್ನಬಹುದು, ಉಪಾಸಕ್ಕೂ ನಡೀತದ. ಮುರುಗೆಪ್ಪ ಕೆರೀಗೆ ಚೆಲ್ಲಿದ್ದು ಜಪಾನದ ಮಾಲು. ಮ್ಯಾಲೆ ನೀವು ಹಾರ ಹಾಕಿದ್ರಿ!"

ಹಾರ ಹಾಕಿದವರಲ್ಲಿ ನಾನಿರಲಿಲ್ಲ. ಚಪ್ಪಾಳೆಯ ವಿಷಯ ನಾನು ಹೇಳಲಿಲ್ಲ.

"ಅದಿರ್ಲಿ ರಾಯರ. ಲಿಂಗವಂತರ ಮಿಠಾಯಿ ಅಂಗಡಿಗೆ ಚರ್ಮದ ಸರಸ ಯಾಕ ಬೇಕಂತ ನಿಮ್ಮ ತಲ್ಯಾಗ ಬರಲಿಲ್ಲೇನು? ಅವರು ಛಲೋ ಮಾಲು ಅನ್ನೂ ಅರ್ಥದಾಗ ಬರದಾರ. ನೀವು ಸುಮ್ಮ ಕಣ್ಣು ಮುಚ್ಚಿ ಪೆಟಗಿ ಕಳಸಿದ್ರಿ. ಒಂದು ಜೀವ ಅನ್ನ ಬಿಟ್ಟು ಕುಂತೈತಿ ಅಲ್ಲೆ. ಇದಕ್ಕ ಹೊಣೆ ಯಾರು?"

ನನ್ನ ದನಿ ಏರಿತ್ತು. ಹಮಾಲರು ತಿರುಗಿ ನೋಡಿದರು. ರಾಯರು ಮಾತ್ರ ನನ್ನನ್ನೇ ನೋಡುತ್ತ ಕೂತರು.

"ನಾ ಕೇಳಲಿಲ್ಲ ಅಂತ ಯಾರು ಹೇಳಿದ್ರು ನಿಮಗ?"

"ಅಂದ್ರ?"

"ಕಾರ್ಡು ಬಂದ ದಿನಽ ನನಗೂ ಸಂಶಯ ಬಂತು. ಜವಾಬಿ ಕಾರ್ಡು ಬರದು ಹಾಕಿದೆ. ಒಂದರ ಮ್ಯಾಲೆ ಪ್ರಶ್ನೆ, ಅದಕ್ಕ ಹತ್ತಿದ ಇನ್ನೊಂದು ಖಾಲಿ, ಉತ್ತರಕ್ಕ. 'ಹೇ ಚಾಮಡ್ಯಾಚೇ ಆಹೇ, ಪಾಠವಾಯಚೇ ಕಾ' ಅಂತ ಸ್ವಚ್ಛ ಬಾಲಬೋಧದಾಗ ಬರದೀನಿ. ಇದು ಚರ್ಮದ್ದು, ಕಳಸಲೇನು ಅಂತ. ಉತ್ತರ ಬಂತು. ಕಳಸಿದೆ."

"ಏನಂತ ಬಂತು?"

ರಾಯರು ಗೋಡೆಯ ತಂತಿಗೆ ಚುಚ್ಚಿದ್ದ ಕಾಗದಗಳಿಂದ ಒಂದು ಅರ್ಧ ಕಾರ್ಡು ಎಳೆದು ನನ್ನ ಕೈಗೆ ಕೊಟ್ಟರು. ಅದರ ಒಂದು ಅಂಚು ಹರಿದು ಬೇರ್ಪಡಿಸಿದ್ದು.

ಕಾರ್ಡಿನ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಒಂದು ಗೆರೆ. ಆ ಗೆರೆಗೆ ಜೋತುಬಿಟ್ಟಂತೆ, ಲೇಖಣಿ ಎತ್ತದೆ ಬರೆದ ಒಂದು ಸಾಲು.

ಬೆಳಿಗ್ಗೆ ಮುದುಕಿ ಎಳೆದಂಥದೇ ಗೆರೆ.

"ಇದು ಯಾವ ಅಕ್ಷರರಿ?"

"ಮೋಡಿ, ಮರಾಠಿ ಬರಿಯೂ ಹಳೇ ಲಿಪಿ. ಹಿಂದಿನ ಮಂದಿ ಪತ್ರ ಎಲ್ಲಾ ಇದರಾಗಽ. 'ಸಮಜಲೇ, ತೇಚ ಪಾಠವಾ.' ತಿಳೀತು, ಅದನ್ನಽ ಕಳಸು ಅಂತ."

"ಬರದವರು?"

"ಚನ್ನಬಸವ್ವ ಅವ್ವಾರು. ಇನ್ಯಾರು? ಆಕಿ ಗಂಡ ಹತ್ತಿ ವ್ಯಾಪಾರ ಮಾಡೂ ಕಾಲಕ್ಕ ನಮ್ಮ ತಂದಿಗೂ ಅವರಿಗೂ ಪತ್ರ ಮೋಡಿಯೊಳಗಽ ನಡೀತಿದ್ವು. ಗಂಡನ ಕೈ ನಡಗ್ಲಿಕ್ಕೆ ಹತ್ತಿದ ಮ್ಯಾಲೆ ಅವ್ವಾರು ಕಲ್ತು ಬರೀಲಿಕ್ಕೆ ಸುರೂ ಮಾಡಿದ್ರು. ಇವತ್ತಿಗೂ ಆ ಮನೀಗೆ ಹೊಸ ಮಾಲು ಬಿಡಬೇಕಾದ್ರ ಅವ್ವಾರ ಮೋಡಿ ಕಾಣಬೇಕು. ಅದು ನಮ್ಮ ರಿವಾಜು."

ಗೊತ್ತಿದ್ದು ಹಾಕಿದ್ರೋ, ಗೊತ್ತಿಲ್ದ ಹಾಕಿದ್ರೋ? ಮೂರು ದಿನದಿಂದ ಅನ್ನ ಬಿಟ್ಟು ಊರಿಗೆಲ್ಲ ಅದೊಂದೇ ಪ್ರಶ್ನೆ ಕೇಳುತ್ತಿದ್ದ ಮುದುಕಿ, ಚರ್ಮದ್ದನ್ನೇ ಕಳಿಸು ಎಂದು ತನ್ನ ಕೈಯಿಂದ ಬರೆದಿದ್ದಳು!

ಬೆಳಿಗ್ಗೆ ನನ್ನನ್ನು ಬಾಜೂಕ ಕೂರಿಸಿಕೊಂಡವಳು. ಆಕೆಯ ಮೇಲೆ ನನಗೆ ಬಂದ ಸಿಟ್ಟು ಎಷ್ಟಿತ್ತೆಂದರೆ ಕಣ್ಣಲ್ಲಿ ನೀರು ಬಂತು.

"ನೀವು ಹಂಗ ಬರದಿದ್ರಿ ಅನ್ನಾಕ ಪುರಾವೆ ಏನೈತ್ರಿ?" ಕೊನೆಯ ಆಸೆ ಅದೊಂದೇ. "ಪ್ರಶ್ನೆ ಕಾರ್ಡು ನಿಮ್ಮ ಕಡೆ ಇಲ್ಲ."

"ನನ್ನ ಮಾತಽ ಪುರಾವೆ," ಅಂದರು ರಾಯರು ಸಿಡುಕಿನಿಂದ.

ಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದೆ. ಮೋಡಿಯ ಸಾಲಿನ ಕೆಳಗೆ ಮಬ್ಬಾದ ನೀಲಿ ಕಲೆಗಳಿದ್ದವು. ಶಾಯಿ ಆರುವ ಮೊದಲೇ ರಾಯರು ಜೋಡಿ ಕಾರ್ಡು ಮಡಚಿದ್ದರು, ಪ್ರಶ್ನೆಯ ಅಕ್ಷರ ಈ ಅರ್ಧಕ್ಕೆ ಒತ್ತಿಕೊಂಡಿತ್ತು. ರಾಯರು ಟೋಪಿ ಸರಿಮಾಡಿಕೊಳ್ಳುವ ಕನ್ನಡಿ ಗಾದಿಯ ಹಿಂದೆಯೇ ತೂಗಾಡುತ್ತಿತ್ತು. ಅದರ ಮುಂದೆ ಹಿಡಿದೆ. ತಿರುವುಮುರುವಾಗಿದ್ದ ಕಲೆಗಳು ನೆಟ್ಟಗಾದವು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

ಚಾ. ಮ. ಡ್ಯಾ. ಚೇ.

ರಾಯರು ಸುಳ್ಳು ಹೇಳಿರಲಿಲ್ಲ. ರಸೀದಿ ಬರೆದುಕೊಟ್ಟು ಕಾರ್ಡು ಜೇಬಿಗಿಟ್ಟುಕೊಂಡೆ.

ಸೈಕಲ್ ಏರಿ ಉಣಕಲ್ಲಿಗೆ ಹೊರಟೆ. ಮುದುಕಿಗೆ ಏನು ಹೇಳಲಿ? ನಿಜ ಹೇಳಿದರೆ ಏನಾಗುತ್ತದೋ. ಗೊತ್ತಿಲ್ಲದೆ ಆಯಿತು ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಆಕೆ ನುಚ್ಚು ಉಣ್ಣುತ್ತಾಳೆ, ಬದುಕುತ್ತಾಳೆ. ಆದರೆ ಆಕೆಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಏನಿದೆ? ತಾನೇ ಬರೆದವಳು ನನ್ನನ್ನು ಯಾಕೆ ಕಳಿಸಿದ್ದಾಳೆ?

ಉಣಕಲ್ ಕೆರೆಯ ದಂಡೆಯಲ್ಲಿ ಸೈಕಲ್ ನಿಲ್ಲಿಸಿ ಮುಖ ತೊಳೆದುಕೊಂಡೆ. ಪಂಚನಾಮೆ ತೆಗೆದು ಸಹಿಯನ್ನೂ ಕಾರ್ಡನ್ನೂ ಪಕ್ಕಪಕ್ಕ ಇಟ್ಟೆ. ಅದೇ ಗೆರೆ, ಅದೇ ಓಟ. ಗೆರೆ ಶುರುವಾಗುವ ಜಾಗದಲ್ಲಿ ಕಾಗದದ ಮೇಲೆ ಆಕೆಯ ಬೆವರಿದ ಬೆರಳಿನ ಗುರುತಿತ್ತು. ನಾನೇ ಹಚ್ಚಿಕೊಟ್ಟ ಬೆರಳು.

ಅಯ್ಯೋ ನನ್ನ ಮಂಕು ಬುದ್ಧಿಯೇ! ಕಾಗದದ ಅಂಚು ಕಾಣದವಳು ಕಾರ್ಡು ಓದುವುದು ಹೇಗೆ?

ಕೈಗೆ ರೂಢಿಯಿದೆ, ಬರೆಯಬಲ್ಲಳು. ಕಣ್ಣಿಗೆ ಪೊರೆ ಬಂದಿದೆ, ಓದಲಾರಳು. ರಾಯರ ಪ್ರಶ್ನೆಯನ್ನು ಯಾರೋ ಆಕೆಗೆ ಓದಿ ಹೇಳಿದ್ದಾರೆ. ಏನಂತ ಓದಿದರು? ಆಕೆ ತಿಳೀತು ಎಂದು ಬರೆದದ್ದು ಯಾವ ಮಾತಿಗೆ? ಮೂರು ದಿನದಿಂದ ಆಕೆ ಕೇಳುತ್ತಿದ್ದ ಪ್ರಶ್ನೆಯ ಒಳಗಿನ ಪ್ರಶ್ನೆ ಆಗ ನನಗೆ ಅರ್ಥವಾಯಿತು. ಆ ಮನೆಯಲ್ಲಿ ಬಾಲಬೋಧ ಓದಬಲ್ಲವರು ಇಬ್ಬರೇ. ಸೊಲ್ಲಾಪುರದ ಸೊಸೆ, ಮುಂಬಯಿ ಸರ್ಕಾರದ ಕಾಲದ ಸಾಲೆಯಲ್ಲಿ ಕಲಿತ ಮಗ.

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಚನ್ನಬಸವ್ವ ಅದೇ ಚಾಪೆಯ ಮೇಲೆ, ಅದೇ ಗೋಡೆಗೆ ಒರಗಿದ್ದಳು. ತುಟಿ ಬಿರಿದಿದ್ದವು. ಮುಂದೆ ತಾಟಿನಲ್ಲಿ ಬಿಸಿ ನುಚ್ಚು, ಬಟ್ಟಲಲ್ಲಿ ಮಜ್ಜಿಗೆ, ಪಕ್ಕದಲ್ಲಿ ನೀರಿನ ತಂಬಿಗೆ. ಶಿವಬಸವ್ವ ಅಡುಗೆಮನೆಯ ಬಾಗಿಲಲ್ಲಿ, ಮುರುಗೆಪ್ಪ ಹೊಸ್ತಿಲ ಮೇಲೆ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳ್ರಿ ಸಾಹೇಬ್ರ," ಅಂದ ಮುರುಗೆಪ್ಪ. ಬೆಳಗಿನ ಸೊಕ್ಕು ಇಳಿದಿತ್ತು. "ಗೊತ್ತಿಲ್ದ ಆಗೇತಿ ಅಂತ ಒಂದು ಮಾತು ಹೇಳಿಬಿಡ್ರಿ. ಉಣ್ಲಿ ಅವ್ವ."

ನಾನು ಕಾರ್ಡನ್ನು ಮುದುಕಿಯ ಅಂಗೈಯಲ್ಲಿಟ್ಟೆ. ಆಕೆ ಹೆಬ್ಬೆರಳಿನಿಂದ ಹರಿದ ಅಂಚು ಸವರಿದಳು. ಲೇಖಣಿ ಒತ್ತಿ ಎಳೆದ ಗೆರೆಯ ಮೇಲೆ ಬೆರಳು ಆಡಿಸಿದಳು.

"ಇದು ನಾ ಬರದದ್ದು," ಅಂದಳು ನಿಧಾನವಾಗಿ. "ತ್ರ್ಯಂಬಕ ಇಟ್ಕೊಂಡಿದ್ದನೇನು?"

"ಹೌದ್ರಿ. ಇದರ ಜೋಡಿ ಒಂದು ಕಾರ್ಡು ಬಂದಿತ್ತಲ್ಲ ಯವ್ವಾ. ಅದನ್ನ ನಿಮ್ಮ ಮುಂದ ಓದಿದವರು ಯಾರು?"

ಮುದುಕಿ ಬಾಯಿ ತೆರೆಯುವ ಮೊದಲೇ ಎರಡು ದನಿ ಒಟ್ಟಿಗೆ ಕೇಳಿದವು. ಒಂದು ಬಾಗಿಲಿನಿಂದ, ಒಂದು ಹೊಸ್ತಿಲಿನಿಂದ.

"ನಾನಽರಿ!"

"ನಾ ಓದಿದೆ!"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಶಿವಬಸವ್ವನ ಕೈಯಲ್ಲಿದ್ದ ನುಚ್ಚಿನ ಹುಟ್ಟು ನೆಲಕ್ಕೆ ಬಿದ್ದು ಠಣ್ ಎಂದಿತು. ಅದನ್ನು ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

ಚನ್ನಬಸವ್ವ ನನ್ನ ಕಡೆ ಮುಖ ಮಾಡಿದಳು.

"ತಮ್ಮಾ, ಆ ಕಾರ್ಡಿನ್ಯಾಗ ಏನಿತ್ತಂತ ನೀ ಇವರ ಮುಂದ ಹೇಳಿದೇನು?"

"ಇಲ್ರಿ. ಈಗಽ ಬಂದೇನಲ್ಲ."

"ನಾನೂ ಇವತ್ತಿನ ತನಕ ಹೇಳಿಲ್ಲ. ನನ್ನ ಮುಂದ ಓದಿದ್ದು, 'ಸಮುದ್ರದ ಪಾಚಿ ಐತಿ, ಉಪಾಸಕ್ಕೂ ನಡೀತೈತಿ, ಕಳಸಲೇನು' ಅಂತ. ಖರೇ ಏನಿತ್ತು?"

"ಇದು ಚರ್ಮದ್ದು, ಕಳಸಲೇನು ಅಂತರಿ."

ಆಕೆ ತಲೆಯಾಡಿಸಿದಳು. ಅಷ್ಟನ್ನು ಆಕೆ ಮೂರು ದಿನದ ಹಿಂದೆಯೇ ಊಹಿಸಿಕೊಂಡಿದ್ದಳೆಂದು ಕಾಣುತ್ತದೆ. ಆಕೆಯನ್ನು ಹೊಡೆದದ್ದು ಅದಲ್ಲ.

"ಅವತ್ತು ಓದಿದ್ದು ಒಂದಽ ದನಿ," ಅಂದಳು. "ಇನ್ನೊಬ್ಬರು ಆ ಹೊತ್ತಿಗೆ ಮನ್ಯಾಗ ಇರಲಿಲ್ಲ. ಓದಿದವರು ಅಕ್ಷರ ತಪ್ಪಿ ಓದಿರಬೇಕು, ತಿಳೀದಽ ಓದಿರಬೇಕು ಅಂತ ಮೂರು ದಿನ ಲಿಂಗದ ಮುಂದ ಕುಂತು ಬೇಡಿಕೊಂಡೆ. ಬರೇ ಒಂದು ಕಾರ್ಡು ಓದಿದ್ದಕ್ಕ ಯಾರಾದ್ರೂ ಇನ್ನೊಬ್ಬರ ತಪ್ಪು ತಮ್ಮ ಮ್ಯಾಲೆ ಹಾಕ್ಕೋತಾರೇನು? ಮನ್ಯಾಗ ಇಲ್ಲದವರು ನಾ ಓದಿದೆ ಅಂದ್ರು. ಅಂದ್ರ ಅವರಿಗೂ ಗೊತ್ತಿತ್ತು. ಓದಿದವರು ಹೇಳದಽ ಅವರಿಗೆ ತಿಳಿಯೂದು ಹೆಂಗ?"

ಆಕೆ ಕಾರ್ಡನ್ನು ಚಾಪೆಯ ಮೇಲೆ ಇಟ್ಟಳು.

"ಗೊತ್ತಿದ್ದು ಹಾಕ್ಯಾರ," ಅಂದಳು ಚನ್ನಬಸವ್ವ. "ಇಬ್ಬರೂ."

ಬೆಳಿಗ್ಗೆ ಸರಸ ಎಂಬ ಶಬ್ದ ಕೇಳಿ ಬಿಳಿಚಿಕೊಂಡ ಶಿವಬಸವ್ವನ ಮುಖವನ್ನು ನಾನು ನಂಬಿದ್ದೆ. ತಾಯಿಯ ಕಾಲ ಬಳಿ ಕುಸಿದ ಮಗನನ್ನೂ ನಂಬಿದ್ದೆ. ಒಬ್ಬರನ್ನೊಬ್ಬರು ಉಳಿಸಿಕೊಳ್ಳಲು ಹೋಗಿ ಇಬ್ಬರೂ ಸಿಕ್ಕಿಬಿದ್ದಿದ್ದರು.

"ಅತ್ತೀ!" ಶಿವಬಸವ್ವ ಓಡಿಬಂದು ಮುದುಕಿಯ ಮುಂದೆ ಮೊಣಕಾಲೂರಿದಳು. "ಯಾಕ ಅಂತ ಒಂದು ಸಲ ಕೇಳ್ರಿ. ಅಂಗಡಿ ಸಲುವಾಗಿ ಅಲ್ರಿ. ನಿಮ್ಮಾಣಿ ಅಲ್ರಿ. ಅದು..."

"ಶಿವಬಸೂ!" ಮುರುಗೆಪ್ಪ ಕೂಗಿದ ರೀತಿಗೆ ನಾನೇ ಎದ್ದು ನಿಂತೆ. "ಒಂದು ಮಾತು ಮುಂದ ಆಡಿದ್ರ ನನ್ನ ಹೆಣ ನೋಡ್ತಿ!"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂಗಡಿಯ ಸಲುವಾಗಿ ಅಲ್ಲದಿದ್ದರೆ ಮತ್ಯಾವುದರ ಸಲುವಾಗಿ?

ಚನ್ನಬಸವ್ವ ಕೈಚಾಚಿ ತಡವಿ ತಾಟು ಹುಡುಕಿ, ಅದನ್ನು ಸೊಸೆಯ ಕಡೆಗೆ ಸರಿಸಿದಳು. ನುಚ್ಚಿನಿಂದ ಇನ್ನೂ ಹಬೆ ಏಳುತ್ತಿತ್ತು.

"ಇವರ ಬಾಯಿಲೆ ನಾ ಕೇಳೂದಿಲ್ಲ ತಮ್ಮಾ. ಇವರ ಓದು ಕೇಳಿ ಸಾಕಾಗೇತಿ. ಯಾಕ ಮಾಡಿದ್ರು ಅನ್ನೂದನ್ನ ನೀ ಹುಡುಕಿ ಬಂದು ಹೇಳು."

"ಹುಡುಕ್ತೇನ್ರಿ ಯವ್ವಾ. ಆದ್ರ ಅಲ್ಲೀತನಕ ನೀವು..."

ಆಕೆಯ ಕೈ ಮತ್ತೆ ತಡವುತ್ತ ಹೋಯಿತು. ಈ ಸಲ ಸಿಕ್ಕಿದ್ದು ತಂಬಿಗೆ. ಮೂರು ದಿನದಿಂದ ಆಕೆಯ ಜೀವ ಹಿಡಿದಿದ್ದದ್ದು ಆ ನೀರೊಂದೇ. ನಾನು ಬೇಡ ಎನ್ನುವಷ್ಟರಲ್ಲಿ ಆಕೆ ತಂಬಿಗೆಯನ್ನು ಎತ್ತಿ, ನೆಲದ ಮೇಲೆ ಬೋರಲು ಹಾಕಿದಳು.